ಹೆಸರಿನ ಜಾಗದಲ್ಲಿ ಬೆಲೆ: ಸೂರತ್ತಿನ ಒಂದು ಕಾದಂಬರಿ, ಅದರ ಮೂಕಿಚಿತ್ರ



ಅಹಮದಾಬಾದಿನವರು, ವಡೋದರಾದವರು, ಬೆಳಿಗ್ಗೆ ಬೇಗ ಎದ್ದು ಸೂರತ್‌ನಿಂದ ಟ್ರೈನ್ ಹತ್ತಿ ಬಂದವರು, ಎಲ್ಲರೂ ಇದ್ದೀರಿ. ನನಗೆ ಕೊಟ್ಟ ವಿಷಯ ಸಿನಿಮಾ. ಆದರೆ ಮೊದಲೇ ಹೇಳಿಬಿಡ್ತೀನಿ, ನಾನು ಮಾತಾಡೋ ಸಿನಿಮಾ 1924ರದ್ದು, ಮೂಕಿ. ಅದನ್ನ ನಾನು ನೋಡಿಲ್ಲ, ಇಲ್ಲಿರೋ ಯಾರೂ ನೋಡಿರೋಕೆ ಸಾಧ್ಯ ಇಲ್ಲ. ನಮ್ಮ ಫೀಲ್ಡಿನವರಿಗೆ ಇದೇನೂ ಹೊಸದಲ್ಲ ಬಿಡಿ. ಓದದೇ ಇರೋ ಡಾಕ್ಯುಮೆಂಟ್ ಮೇಲೆ ಒಂದು ಗಂಟೆ ಮೀಟಿಂಗ್ ಮಾಡಿ ಎದ್ದು ಬಂದವರು ನಾವು.

ಶುರುವಾಗಿದ್ದು ಒಂದು ಟಿಕೆಟ್‌ನಿಂದ. ಸಿನಿಮಾ ಟಿಕೆಟ್ ಅಲ್ಲ, ಆಫೀಸಿನ ಟಿಕೆಟ್. ಡೇಟಾಬೇಸ್ ಸೆಟಪ್‌ನಲ್ಲಿ 'ಮಾಸ್ಟರ್', 'ಸ್ಲೇವ್' ಅಂತ ಹೆಸರಿಡೋದು ನಿಮಗೆಲ್ಲ ಗೊತ್ತಿರೋದೇ. 2020ರಲ್ಲಿ ಮೈಎಸ್‌ಕ್ಯೂಎಲ್‌ನವರು ಆ ಪದಗಳನ್ನ ಕೈಬಿಡ್ತೀವಿ ಅಂದರು. ಅದೇ ವರ್ಷ ಗಿಟ್‌ಹಬ್‌ನಲ್ಲಿ ಹೊಸ ರೆಪೊಸಿಟರಿಗಳ 'ಮಾಸ್ಟರ್' ಬ್ರಾಂಚ್ 'ಮೇನ್' ಆಯ್ತು. ನಮ್ಮ ತಂಡಕ್ಕೆ ಆ ಕೆಲಸ ಬಂದಿದ್ದು ಬಹಳ ತಡವಾಗಿ. ಹಳೇ ಸ್ಕ್ರಿಪ್ಟ್‌ಗಳಲ್ಲೆಲ್ಲ 'ಸ್ಲೇವ್' ಹುಡುಕಿ 'ರೆಪ್ಲಿಕಾ' ಅಂತ ಬದಲಾಯಿಸಬೇಕು. ಯಾರೋ ಒಬ್ಬರು, ಸರ್ವರ್‌ಗೆ ಬಿಡುಗಡೆ ಆಯ್ತು, ನಮಗೆ ಯಾವಾಗ ಅಂದರು. ಎಲ್ಲರೂ ನಕ್ಕೆವು. ಪಕ್ಕದಲ್ಲಿದ್ದ ಕನ್ನಡದ ಹುಡುಗನಿಗೆ ನಾನೂ ಒಂದು ಸೇರಿಸಿದೆ: "ನಮ್ದು ಜೀತ ಕಣೋ."

ಎದುರಿಗೆ ಕೂತಿದ್ದ ಸಹೋದ್ಯೋಗಿ ಸೂರತ್ ಜಿಲ್ಲೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರ ಕಿವಿಗೆ ಅದು 'ಜೀತ್' ಅಂತ ಬಿತ್ತು. "ಯಾರು ಗೆದ್ದರು?" ಅಂತ ಕೇಳಿದರು. ಗೆಲುವಲ್ಲ ಭಾಯ್, ಸಾಲಕ್ಕೆ ಸಿಕ್ಕಿ ಒಬ್ಬರ ಮನೇಲಿ ಬದುಕಿಡೀ ದುಡಿಯೋದು, ನಮ್ಮ ಕಡೆ ಅದಕ್ಕೆ ಜೀತ ಅಂತೀವಿ ಅಂದೆ. ಅವರು ನಗಲಿಲ್ಲ. "ಓಹ್, ಹಾಳಿ" ಅಂದು ಸ್ಕ್ರೀನ್ ಕಡೆ ತಿರುಗಿದರು.

ಆ ಪದ ಪಕ್ಕಕ್ಕಿಡಿ, ಮತ್ತೆ ಬರ್ತೀನಿ.

ಆ ವಾರಾಂತ್ಯ ಯೂಟ್ಯೂಬ್‌ನಲ್ಲಿ ಒಂದು ಹಳೇ ಸಿನಿಮಾ ಹುಡುಕಿ ನೋಡಿದೆ. 'ಅಂಕಲ್ ಟಾಮ್ಸ್ ಕ್ಯಾಬಿನ್', 1903. ಎಡಿಸನ್ ಕಂಪನಿಗೆ ಎಡ್ವಿನ್ ಪೋರ್ಟರ್ ಮಾಡಿದ್ದು, ಇಪ್ಪತ್ತು ನಿಮಿಷವೂ ಇಲ್ಲ. ಹ್ಯಾರಿಯೆಟ್ ಬೀಚರ್ ಸ್ಟೋ ಅವರ ಕಾದಂಬರಿ ಪುಸ್ತಕವಾಗಿ ಬಂದಿದ್ದು 1852ರಲ್ಲಿ. ಮೊದಲ ವರ್ಷವೇ ಅಮೆರಿಕದಲ್ಲಿ 3 ಲಕ್ಷ ಪ್ರತಿ ಖರ್ಚಾಯ್ತು. ಗುಲಾಮಗಿರಿ ವಿರುದ್ಧ ಬರೆದ ಪುಸ್ತಕ. ಅದರ ಸಿನಿಮಾದಲ್ಲಿ ಗುಲಾಮರ ಮುಖ್ಯ ಪಾತ್ರಗಳನ್ನ ಮಾಡಿದವರೇ ಬಿಳಿಯರು, ಮುಖಕ್ಕೆ ಮಸಿ ಬಳಿದುಕೊಂಡು. ಹರಾಜಿನ ದೃಶ್ಯ ಒಂದಿದೆ. ಮಾರಾಟ ಆಗಲಿರೋ ಗುಲಾಮರು ಅಲ್ಲಿ ಖುಷಿಯಾಗಿ ಕುಣೀತಾರೆ. ನನಗೆ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಬೇಕಾಯ್ತು. ಆವತ್ತಿನ ಪ್ರೇಕ್ಷಕರಿಗೆ ಕುಣಿತ ಬೇಕಿತ್ತು, ನಾಟಕ ಕಂಪನಿಗಳು ಅದನ್ನ ರೂಢಿ ಮಾಡಿಬಿಟ್ಟಿದ್ದವು. ಸಿನಿಮಾದಲ್ಲಿ ಟಾಮ್‌ನ ಪಾತ್ರವನ್ನ ಒಬ್ಬ ಕಪ್ಪು ನಟ, ಸ್ಯಾಮ್ ಲ್ಯೂಕಸ್, ಮಾಡೋ ಹೊತ್ತಿಗೆ 1914 ಆಗಿತ್ತು. ಆತನಿಗೆ ಆಗಲೇ ಎಪ್ಪತ್ತು ದಾಟಿತ್ತು.

ಸೋಮವಾರ ಊಟದ ಹೊತ್ತಲ್ಲಿ ಇದನ್ನ ಸೂರತ್ತಿನ ಭಾಯ್‌ಗೆ ಹೇಳಿದೆ. ನಮ್ಮಲ್ಲಿ ಇಂಥ ಕಾದಂಬರಿ, ಇಂಥ ಮೂಕಿಚಿತ್ರ ಇಲ್ಲವಲ್ಲ ಅಂದೆ. ಅವರು ರೋಟ್ಲೋ ಮುರೀತಾ, "ಗುಜರಾತಿಯ ಮೊದಲ ಕಾದಂಬರಿ ನಮ್ಮೂರಿನವರದ್ದು. ಅದು ಮೂಕಿಚಿತ್ರ ಆಗಿತ್ತು. ಆದರೆ ಅದು ರಾಜನ ಕಥೆ, ಗುಲಾಮರದ್ದಲ್ಲ" ಅಂದರು. ಕಾದಂಬರಿ 'ಕರಣ ಘೇಲೋ'. ಬರೆದವರು ನಂದಶಂಕರ ಮೆಹ್ತಾ, ಸೂರತ್ತಿನ ಇಂಗ್ಲಿಷ್ ಶಾಲೆಯ ಹೆಡ್‌ಮಾಸ್ಟರ್. ಪ್ರಕಟವಾಗಿದ್ದು 1866ರಲ್ಲಿ. ನಮ್ಮ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಗೆ 33 ವರ್ಷ ಮುಂಚೆ. ಇಂಗ್ಲಿಷ್ ಅನುವಾದ 2015ರಲ್ಲಿ ಬಂದಿದೆ. ನಾನು ಓದಿದ್ದು ಅದನ್ನೇ. ಗುಜರಾತಿ ಲಿಪಿ ನನಗೆ ಬಸ್ ಬೋರ್ಡ್ ಓದೋಷ್ಟು ಮಾತ್ರ ಬರತ್ತೆ.

1866 ಅಂದರೆ ಎಂಥ ಕಾಲ ನೋಡಿ. ಅಮೆರಿಕದಲ್ಲಿ 1861ರಿಂದ 65ರವರೆಗೆ ಅಂತರ್ಯುದ್ಧ. ದಕ್ಷಿಣದ ಬಂದರುಗಳನ್ನ ಮುಚ್ಚಿದ್ದರಿಂದ ಗುಲಾಮರು ಬೆಳೆದ ಹತ್ತಿ ಇಂಗ್ಲೆಂಡಿಗೆ ಹೋಗೋದು ನಿಂತಿತು. ಲ್ಯಾಂಕಾಷೈರ್ ಮಿಲ್ಲುಗಳು ನಮ್ಮ ಹತ್ತಿಗೆ ಮುಗಿಬಿದ್ದವು. ಹಿಂದೂಸ್ತಾನದ ಹತ್ತಿಗೆ ಅಲ್ಲಿನವರು ಇಟ್ಟಿದ್ದ ಹೆಸರೇ 'ಸೂರತ್'. ಎಳೆ ಗಿಡ್ಡ, ಕಸ ಜಾಸ್ತಿ, ನೂಲು ಪದೇ ಪದೇ ಕಡಿಯೋದು. ದೇವರೇ ಹತ್ತಿ ಕೊಡು, ಆದರೆ ಸೂರತ್ ಬೇಡ ಅಂತ ಅಲ್ಲಿನ ಕೆಲಸಗಾರರು ಪ್ರಾರ್ಥನೆ ಮಾಡ್ತಿದ್ದರು ಅನ್ನೋ ಮಾತೇ ಇದೆ. ಅಹಮದಾಬಾದಿನಲ್ಲಿ ರಣಛೋಡಲಾಲ್ ಛೋಟಾಲಾಲ್ ಅವರ ಮೊದಲ ಮಿಲ್ಲು ಶುರುವಾಗಿದ್ದೂ 1861ರಲ್ಲೇ. ಯುದ್ಧ ಮುಗೀತು, ಹತ್ತಿ ಬೆಲೆ ಕುಸೀತು, ಮುಂಬೈನಲ್ಲಿ ಷೇರು ಹುಚ್ಚು ಹಿಡಿದಿದ್ದ ಎಷ್ಟೋ ಜನ ದಿವಾಳಿ ಆದರು. 1865ರ ಕೊನೆಗೆ ಅಮೆರಿಕದ ಸಂವಿಧಾನದಲ್ಲಿ ಗುಲಾಮಗಿರಿ ರದ್ದಾಯ್ತು. ಮರುವರ್ಷ ಸೂರತ್ತಿನ ಮೇಷ್ಟ್ರ ಕಾದಂಬರಿ ಬಂತು.

ಕಥೆ 13ನೇ ಶತಮಾನದ ಕೊನೆಯದ್ದು. ಗುಜರಾತಿನ ಕೊನೆಯ ರಜಪೂತ ರಾಜ ಕರಣ ವಾಘೇಲಾ, ರಾಜಧಾನಿ ಅಣಹಿಲವಾಡ ಪಾಟಣ. ಘೇಲೋ ಅಂದರೆ ಹುಚ್ಚ. ಮಂತ್ರಿ ಮಾಧವನ ಹೆಂಡತಿಯ ಮೇಲೆ ರಾಜನ ಕಣ್ಣು ಬೀಳತ್ತೆ. ಮಂತ್ರಿ ಊರಲ್ಲಿಲ್ಲದಾಗ ಆಕೆಯನ್ನ ಎತ್ತಿಕೊಂಡು ಬರ್ತಾರೆ, ತಡೆಯೋಕೆ ಹೋದ ಮಾಧವನ ತಮ್ಮ ಸಾಯ್ತಾನೆ. ಮಾಧವ ದೆಹಲಿಗೆ ಹೋಗಿ ಅಲ್ಲಾವುದ್ದೀನ್ ಖಿಲ್ಜಿಯನ್ನ ಕರೀತಾನೆ. ಸೈನ್ಯ ಬರತ್ತೆ, ಪಾಟಣ ಬೀಳತ್ತೆ, ರಾಜ ಓಡಿಹೋಗ್ತಾನೆ. ರಾಣಿ ಸಿಕ್ಕಿಬಿದ್ದು ದೆಹಲಿಯ ಜನಾನಾ ಸೇರ್ತಾಳೆ. ಕೆಲವು ವರ್ಷ ಬಿಟ್ಟು ಮಗಳು ದೇವಲದೇವಿಯೂ ಸಿಕ್ಕಿಬೀಳ್ತಾಳೆ, ಸುಲ್ತಾನನ ಮಗ ಖಿಜ್ರ್ ಖಾನ್‌ನ ಕೈಗೆ ಹೋಗ್ತಾಳೆ. ಇದರಲ್ಲಿ ಎಷ್ಟು ಇತಿಹಾಸ, ಎಷ್ಟು ಕವಿಗಳ ಕಲ್ಪನೆ ಅಂತ ಇತಿಹಾಸಕಾರರ ನಡುವೆ ಇವತ್ತಿಗೂ ಜಗಳ ಇದೆ. ಆ ಜಗಳಕ್ಕೆ ನಾನು ಹೋಗಲ್ಲ.

ಗುಜರಾತಿಗಳು ಇದನ್ನ ಒಂದು ರಾಜ್ಯ ಹೇಗೆ ಬಿತ್ತು ಅನ್ನೋ ಕಥೆಯಾಗಿ ಓದ್ತಾರೆ. ನನಗೆ ಬೇರೆ ಥರ ಕಾಣಿಸ್ತು. ಶುರುವಿನಿಂದ ಕೊನೆಯವರೆಗೆ ಯಾರೋ ಯಾರನ್ನೋ ಎತ್ತಿಕೊಂಡು ಹೋಗ್ತಾನೇ ಇದ್ದಾರೆ. ಮೊದಲು ರಾಜನೇ ಎತ್ತಿಕೊಂಡು ಬಂದ, ಆಮೇಲೆ ಅವನ ಮನೆಯವರನ್ನ ಬೇರೆಯವರು ಎತ್ತಿಕೊಂಡು ಹೋದರು. ಮನುಷ್ಯರನ್ನ ಸಾಮಾನಿನ ಥರ ಸಾಗಿಸೋ ಕಥೆ ಇದು. ಭಾಯ್‌ಗೆ ಇದನ್ನ ಹೇಳಿದಾಗ, ನೀನು ಅಮೆರಿಕದ ಕನ್ನಡಕ ಹಾಕಿಕೊಂಡು ಓದಿದ್ದೀಯ ಅಂದರು. ಇರಬಹುದು.

ಇದನ್ನ 1924ರಲ್ಲಿ ಮೂಕಿಚಿತ್ರ ಮಾಡಿದವರು ಎಸ್. ಎನ್. ಪಾಟಣಕರ್. 'ನಾರಾಯಣರಾವ್ ಪೇಶ್ವೆಯ ಸಾವು' ಅನ್ನೋ 1915ರ ಸಿನಿಮಾ ಮಾಡಿದ್ದ ತಂಡದವರು. ಭಾರತದ ಮೊದಲ ಐತಿಹಾಸಿಕ ಚಿತ್ರ ಅಂತ ಅದನ್ನ ಗುರುತಿಸ್ತಾರೆ. ಮೂಕಿ ಕಾಲದಲ್ಲಿ ನಮ್ಮ ದೇಶದಲ್ಲಿ 1300ಕ್ಕೂ ಹೆಚ್ಚು ಸಿನಿಮಾ ಆದವು, ಉಳಿದಿರೋದು ತೀರಾ ಕಡಿಮೆ. ನೈಟ್ರೇಟ್ ಫಿಲ್ಮ್ ತಾನೇ ಕೊಳೆಯತ್ತೆ, ಬೆಂಕಿ ಹತ್ತಿದರೆ ಆರಿಸೋಕೆ ಆಗಲ್ಲ. ಹಳೇ ರೀಲುಗಳನ್ನ ಕರಗಿಸಿ ಬೆಳ್ಳಿ ತೆಗೆದವರೂ ಇದ್ದಾರೆ. ಬ್ಯಾಕಪ್ ಇಲ್ಲದ ಪ್ರೊಡಕ್ಷನ್ ಡೇಟಾ, ಅಷ್ಟೇ.

ಆ ಕಾಲದಲ್ಲಿ ಸಿನಿಮಾ ನೋಡೋ ಕ್ರಮ ಹೇಗಿತ್ತು ಗೊತ್ತಾ? ಪರದೆ ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ದೃಶ್ಯಗಳ ಮಧ್ಯೆ ಬರಹದ ಕಾರ್ಡು, ಒಂದೇ ಕಾರ್ಡಿನಲ್ಲಿ ಎರಡು ಮೂರು ಭಾಷೆ. ಓದು ಬಾರದವರಿಗೆ ಯಾರಾದರೂ ಗಟ್ಟಿಯಾಗಿ ಓದಿ ಹೇಳೋರು. ಮೂಕಿಚಿತ್ರದಲ್ಲಿ ನಿಮಗೊಂದು ಹೆಸರಿದೆ ಅಂತ ಜನಕ್ಕೆ ಗೊತ್ತಾಗೋದೇ ಆ ಕಾರ್ಡಿನಿಂದ. ರಾಜನಿಗೆ ಕಾರ್ಡು ಇದ್ದೇ ಇರತ್ತೆ. ಹಿಂದೆ ನಿಂತು ಚಾಮರ ಬೀಸೋನಿಗೆ ಇರಲ್ಲ.

ಹಾಗೆ ಕಾರ್ಡಿಲ್ಲದ ಒಬ್ಬನನ್ನ ಹುಡುಕ್ತಾ ನಾನು ಕಾದಂಬರಿ ಬಿಟ್ಟು ಇತಿಹಾಸದ ಪುಸ್ತಕಕ್ಕೆ ಹೋದೆ. 1299ರಲ್ಲಿ ಗುಜರಾತಿಗೆ ಬಂದ ದೆಹಲಿ ಸೈನ್ಯದ ಇಬ್ಬರು ಸೇನಾಪತಿಗಳು ಉಲುಘ್ ಖಾನ್, ನುಸ್ರತ್ ಖಾನ್. ಕಾದಂಬರಿಯಲ್ಲಿ ಬರೋದು ಇದೇ ದಂಡಯಾತ್ರೆ. ನುಸ್ರತ್ ಖಾನ್ ಖಂಭಾತ್ ಬಂದರಿನ ವ್ಯಾಪಾರಿಗಳನ್ನ ಸುಲಿದ. ಒಬ್ಬ ವ್ಯಾಪಾರಿಯ ಮನೆಯಿಂದ ಚಿನ್ನ, ರತ್ನದ ಜೊತೆಗೆ ಒಬ್ಬ ಗುಲಾಮನನ್ನೂ ಕಿತ್ತುಕೊಂಡು ಸುಲ್ತಾನನಿಗೆ ಒಪ್ಪಿಸಿದ. ಹಿಂದೂ ಮೂಲದವನು, ನಪುಂಸಕ. ಅವನನ್ನ 'ಹಜಾರ್ ದಿನಾರಿ' ಅಂತ ಕರೀತಿದ್ದರು. ಸಾವಿರ ದಿನಾರಕ್ಕೆ ಕೊಂಡವನು ಅಂತ. ಹೆಸರಿನ ಕಾಲಂನಲ್ಲಿ ಬೆಲೆ ಬರೆದಿದ್ದಾರೆ. ನಮ್ಮಲ್ಲಿ ಯಾರಾದರೂ ಅಂಥ ಟೇಬಲ್ ಮಾಡಿದರೆ ಕೋಡ್ ರಿವ್ಯೂನಲ್ಲಿ ಉಗೀತಾರೆ.

ಅವನ ಇನ್ನೊಂದು ಹೆಸರು ಕಾಫೂರ್. ಮಲಿಕ್ ಕಾಫೂರ್.

ಹಾಸನದ ಕಡೆಯವರು ಇಲ್ಲಿ ಯಾರಿದ್ದೀರಿ? ಹಾಂ, ಅಲ್ಲಿ ಇಬ್ಬರು, ಮೂವರು. ನಮ್ಮದು ಅರಸೀಕೆರೆ ಕಡೆ ಹಳ್ಳಿ. ಆರನೇ ಕ್ಲಾಸಿನಲ್ಲಿ ಹಳೇಬೀಡಿಗೆ ಟೂರ್ ಹೋಗಿದ್ವಿ. ಒಡೆದ ವಿಗ್ರಹಗಳ ಮುಂದೆ ನಿಂತು ಮೇಷ್ಟ್ರು, "ಇದು ಮಲಿಕ್ ಕಾಫೂರ್ ಮಾಡಿದ್ದು" ಅಂದರು. ನೋಟ್ಸ್ ಬರೆದುಕೊಂಡ್ವಿ. ಕಾಫೂರ್ ಅಂದರೆ ದೊಡ್ಡ ಮೀಸೆ, ದೊಡ್ಡ ಕತ್ತಿ, ಎಲ್ಲಿಂದಲೋ ಬಂದ ರಾಕ್ಷಸ ಅಂತ ನನ್ನ ತಲೇಲಿ. ಅವನು ದ್ವಾರಸಮುದ್ರದ ಮುಂದೆ ಬಂದು ನಿಂತಿದ್ದು 1311ರ ಫೆಬ್ರವರಿಯಲ್ಲಿ. ಮೂರನೇ ವೀರಬಲ್ಲಾಳ ತಮಿಳು ಸೀಮೆಯ ಜಗಳದಲ್ಲಿದ್ದವನು ಓಡಿ ಬಂದ, ಶರಣಾಗಿ ಭಂಡಾರ, ಆನೆ, ಕುದುರೆ ಒಪ್ಪಿಸಿದ. ಮೊಹಮ್ಮದ್ ಬಿನ್ ತುಘಲಕ್‌ನ ಸೈನ್ಯ ಬಂದು ಊರು ಹಾಳು ಮಾಡಿದ್ದು ಅದಾದ ಮೇಲೆ, 1327ರ ಸುಮಾರಿಗೆ. ಟೂರಿನಲ್ಲಿ ಕೇಳೋ ಕಥೆಯಲ್ಲಿ ಎರಡೂ ಸೇರಿ ಒಂದೇ ಆಗಿರತ್ತೆ, ಪೂರ್ತಿ ಬಿಲ್ಲು ಕಾಫೂರ್ ಹೆಸರಿಗೆ. ಅವನು ಕೊಳ್ಳೆ ಹೊಡೆಯೋಕೇ ಬಂದಿದ್ದ, ಅದರಲ್ಲಿ ಅನುಮಾನ ಬೇಡ, ಅವನ ಪರ ವಕಾಲತ್ತು ನಾನು ವಹಿಸಲ್ಲ. ಆದರೆ ನಮ್ಮೂರಿಗೆ ಕೊಳ್ಳೆ ಹೊಡೆಯೋಕೆ ಬಂದವನು ಹನ್ನೆರಡು ವರ್ಷದ ಹಿಂದೆ ತಾನೇ ಒಂದು ಕೊಳ್ಳೆಯ ಮಾಲು ಅನ್ನೋದು ಆರನೇ ಕ್ಲಾಸಿನಿಂದ ಎಂಟೆಕ್‌ವರೆಗೆ ನನಗೆ ಯಾರೂ ಹೇಳಿರಲಿಲ್ಲ. ಗುಜರಾತಿಗೆ ಕೆಲಸಕ್ಕೆ ಬಂದು ಗೊತ್ತಾಗಬೇಕಾಯ್ತು.

ಕಾಫೂರ್ ಅಂದರೆ ಕರ್ಪೂರ. ನಮ್ಮ ಆರತಿ ತಟ್ಟೆಯ ಕರ್ಪೂರವೇ. ಗುಲಾಮರಿಗೆ ಇಂಥ ಹೆಸರು ಇಡೋ ರೂಢಿ ಇತ್ತು: ಕಾಫೂರ್, ಅಂಬರ್, ಯಾಕೂತ್. ಅಂಗಡಿಯ ಕಪಾಟಿನಲ್ಲಿಡೋ ಸುಗಂಧ, ರತ್ನ. ಅಹಮದ್‌ನಗರವನ್ನ ಆಳಿಸಿದ ಮಲಿಕ್ ಅಂಬರ್ ಕೂಡ ಇಥಿಯೋಪಿಯಾದಿಂದ ಕೈಯಿಂದ ಕೈಗೆ ಮಾರಾಟವಾಗಿ ಬಂದವನು. ಇಲ್ಲೇ ಅಹಮದಾಬಾದಿನ ಲಾಲ್ ದರ್ವಾಜಾದಲ್ಲಿ ಸೀದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಿ ಮುಂದೆ ನೀವೆಲ್ಲ ಫೋಟೋ ತೆಗೆಸಿಕೊಂಡಿದ್ದೀರಿ, ಐಐಎಂ ಲೋಗೋ ಹುಟ್ಟಿದ್ದೇ ಅದರಿಂದ. 1573ರ ಸುಮಾರಿಗೆ ಅದನ್ನ ಕಟ್ಟಿಸಿದವನು ಹಬಶಿ, ಆಫ್ರಿಕಾ ಮೂಲದವನು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹೆಸರೂ ಅವನ ಹೆಸರಿನ ಮೊದಲ ಪದವೂ ಒಂದೇ. ನಾನು ಅಲ್ಲಿ ಹತ್ತು ಸಲ ಹೋಗಿದ್ದೆ, ಆ 'ಸೀದಿ' ಮೇಲೆ ಕಣ್ಣೇ ಬಿದ್ದಿರಲಿಲ್ಲ.

ಕಾಫೂರ್‌ನ ಕೊನೆ ಹೇಳಿಬಿಡ್ತೀನಿ. 1316ರ ಜನವರಿಯಲ್ಲಿ ಅಲ್ಲಾವುದ್ದೀನ್ ಸತ್ತ. ಕಾಫೂರ್ ಚಿಕ್ಕ ಹುಡುಗನೊಬ್ಬನನ್ನ ಪಟ್ಟಕ್ಕೆ ಕೂರಿಸಿ ತಾನೇ ಆಳೋಕೆ ಹೊರಟ. ಗ್ವಾಲಿಯರ್ ಕೋಟೆಯಲ್ಲಿ ಸೆರೆಯಲ್ಲಿದ್ದ ಖಿಜ್ರ್ ಖಾನ್‌ನ ಕಣ್ಣು ಕೀಳಿಸಿದ. ಯಾವ ಖಿಜ್ರ್ ಖಾನ್? ದೇವಲದೇವಿಯ ಗಂಡ. ಗುಜರಾತಿನಿಂದ ಹೊತ್ತೊಯ್ದ ಇಬ್ಬರು, ಒಬ್ಬ ಗುಲಾಮ, ಒಬ್ಬಳು ರಾಜಕುಮಾರಿ, ಅಲ್ಲಿ ಹೀಗೆ ಎದುರುಬದುರಾದರು. ತಿಂಗಳು ಕಳೆದು ಕೆಲವೇ ದಿನಕ್ಕೆ ಸುಲ್ತಾನನ ಕಾವಲಿನವರೇ ಕಾಫೂರ್‌ನನ್ನ ಕೊಂದರು. ದೇವಲದೇವಿಯ ಮೇಲೆ ಅಮೀರ್ ಖುಸ್ರೋ ದೊಡ್ಡ ಕಾವ್ಯ ಬರೆದ. ಕರಣನಿಗೆ ಕಾದಂಬರಿ ಬಂತು, ಸಿನಿಮಾ ಬಂತು. ಹಜಾರ್ ದಿನಾರಿಯನ್ನ ಹೆತ್ತವರು ಏನಂತ ಕೂಗ್ತಿದ್ದರೋ ಯಾವ ಪುಸ್ತಕದಲ್ಲೂ ಇಲ್ಲ.

ಒಂದು ಭಾನುವಾರ ಬೈಕಿನಲ್ಲಿ ಖಂಭಾತ್‌ಗೆ ಹೋಗಿ ಬಂದೆ. ವಡೋದರಾದವರಿಗೆ ಇನ್ನೂ ಹತ್ತಿರ. ಬಂದರು ಹೂಳು ತುಂಬಿ ಸಮುದ್ರವೇ ಹಿಂದೆ ಸರಿದಿದೆ. ಅಕೀಕ್ ಕಲ್ಲು ಉಜ್ಜೋ ಅಂಗಡಿಗಳಿವೆ, ಹಲ್ವಾಸನ್ ಚೆನ್ನಾಗಿ ಮಾಡ್ತಾರೆ. ಅಂಗಡಿಯವರಿಗೆ ಕಾಫೂರ್ ಇಲ್ಲಿಂದಲೇ ಹೋಗಿದ್ದಂತೆ ಅಂದೆ. ಅವರು ಕರ್ಪೂರ ಕೇಳ್ತಿದ್ದೀನಿ ಅಂದುಕೊಂಡು ಪಕ್ಕದ ಪೂಜಾ ಸಾಮಾನಿನ ಅಂಗಡಿ ತೋರಿಸಿದರು.

ಈಗ ಹಾಳಿ. ಗುಜರಾತಿಯಲ್ಲಿ ಹಳ ಅಂದರೆ ನೇಗಿಲು, ಹಾಳಿ ಅಂದರೆ ನೇಗಿಲ ಆಳು. ದಕ್ಷಿಣ ಗುಜರಾತಿನ, ಅಂದರೆ ಸೂರತ್ ಸುತ್ತಮುತ್ತಲ ಜಮೀನ್ದಾರರ ಮನೆಗಳಲ್ಲಿ ದುಬಳಾ ಜನ ತಲೆಮಾರುಗಳ ಕಾಲ ಹೀಗೆ ದುಡಿದರು. ಶುರುವಾಗೋದು ಮದುವೆಯಿಂದ. ಹುಡುಗನ ಮದುವೆ ಖರ್ಚಿಗೆ ಯಜಮಾನ ಸಾಲ ಕೊಡ್ತಾನೆ, ಹುಡುಗ ಅವನ ಹೊಲಕ್ಕೆ, ಹೆಂಡತಿ ಅವನ ಕೊಟ್ಟಿಗೆ, ಅಂಗಳಕ್ಕೆ. ದಿನಕ್ಕಿಷ್ಟು ಧಾನ್ಯ, ಗುಡಿಸಲಿಗೆ ಜಾಗ. ಕಾಯಿಲೆಗೆ, ಹಬ್ಬಕ್ಕೆ ಮತ್ತೆ ಸಾಲ. ಅಸಲು ತೀರೋದೇ ಇಲ್ಲ. ಯಜಮಾನನಿಗೆ ಅಲ್ಲಿನ ಮಾತಲ್ಲಿ 'ಧಣಿಯಾಮೊ' ಅಂತಿದ್ದರು. ನಮ್ಮ ಧಣಿ! ಡಚ್ ವಿದ್ವಾಂಸ ಯಾನ್ ಬ್ರೆಮನ್ 1960ರ ದಶಕದಲ್ಲಿ ಈ ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿ ದೊಡ್ಡ ಪುಸ್ತಕ ಬರೆದಿದ್ದಾರೆ. ಗಾಂಧೀಜಿ ಕಾಲದಲ್ಲಿ ಆ ಜನಕ್ಕೆ 'ಹಳಪತಿ', ನೇಗಿಲ ಒಡೆಯ ಅಂತ ಹೊಸ ಹೆಸರು ಬಂತು. ನೇಗಿಲು ಬೇರೆಯವರದ್ದೇ ಆಗಿತ್ತು. ಸೂರತ್ತಿನ ಮೇಷ್ಟ್ರು ಕೂತು ಪಾಟಣದ ಗತವೈಭವ ಬರೀತಿದ್ದ ಹೊತ್ತಲ್ಲೂ ಊರಾಚೆ ಹೊಲಗಳಲ್ಲಿ ಇವರು ಇದ್ದರು.

1976ರ ಜೀತ ಪದ್ಧತಿ ರದ್ದತಿ ಕಾಯ್ದೆ ತೆಗೆದು ನೋಡಿ. ಯಾವ್ಯಾವ ಹೆಸರಿನ ಪದ್ಧತಿಗಳನ್ನ ಜೀತ ಅಂತ ಎಣಿಸಬೇಕು ಅನ್ನೋ ಪಟ್ಟಿ ಶುರುವಿನಲ್ಲೇ ಇದೆ, ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ. ಹಾಳಿ ಆದಮೇಲೆ ನಾಲ್ಕೈದು ಹೆಸರು ದಾಟಿದರೆ ಜೀತ. ಭಾಯ್‌ಗೂ ನನಗೂ ಆವತ್ತು ಆಫೀಸಿನಲ್ಲಿ ಅನುವಾದ ಇಲ್ಲದೆ ಅರ್ಥ ಆಗಿದ್ದು ಅದಕ್ಕೇ. ಅವರು ಯಾಕೆ ನಗಲಿಲ್ಲ ಅಂತ ಆಮೇಲೆ ಕೇಳಿದೆ. "ನಮ್ಮ ಮನೇಲಿ ಹಾಳಿಗಳಿದ್ದರು" ಅಂದರು. ಅಷ್ಟೇ.

ನಮ್ಮ ಮನೇಲೂ ಇದ್ದರು. ಅಜ್ಜನ ಕಾಲದಲ್ಲಿ ಒಬ್ಬರು ಜೀತಕ್ಕಿದ್ದರು ಅಂತ ಚಿಕ್ಕಂದಿನಿಂದ ಕೇಳಿದ್ದೆ, ಇನ್ನೂರೈವತ್ತು ರೂಪಾಯಿ ಮದುವೆ ಸಾಲಕ್ಕೆ ಬಂದವರು ಅಂತ. ಆ ಮೊತ್ತ ನನಗೆ ಬಾಯಿಪಾಠ. ಹಜಾರ್ ದಿನಾರಿ ಬಗ್ಗೆ ಓದಿದ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪ, ತಾತನ ಹತ್ರ ಜೀತಕ್ಕಿದ್ರಲ್ಲ, ಅವರ ಹೆಸರೇನು?"

"ಯಾಕ್ಲಾ ಈಗ ಅದೆಲ್ಲಾ?"

"ಸುಮ್ನೆ, ಗೊತ್ತಿರಲಿ ಅಂತ."

"ಕರಿಯ ಅಂತ ಕರೀತಿದ್ರು."

"ಅದು ಹೆಸರಾ?"

ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. "ಅಲ್ಲ" ಅಂದರು. ಊಟ ಆಯ್ತಾ ಕೇಳಿ ಇಟ್ಟರು.

ಮೂರು ದಿನ ಬಿಟ್ಟು ವಾಟ್ಸಾಪಿನಲ್ಲಿ ಒಂದು ಮೆಸೇಜ್ ಬಂತು. ಅಪ್ಪ ಟೈಪ್ ಮಾಡೋದು ತೀರಾ ಕಡಿಮೆ, ಎಲ್ಲಾ ವಾಯ್ಸ್ ಮೆಸೇಜೇ. ಇದನ್ನ ಟೈಪ್ ಮಾಡಿದ್ದರು. ಸೋದರತ್ತೆಯನ್ನ ಕೇಳಿ, ಆಮೇಲೆ ಊರಾಚೆ ಕಾಲೋನಿಗೆ ತಾವೇ ನಡೆದುಕೊಂಡು ಹೋಗಿ ವಿಚಾರಿಸಿದ್ದರಂತೆ. ಎರಡು ಹೆಸರಿತ್ತು, ಅವರದ್ದು ಮತ್ತೆ ಅವರ ಹೆಂಡತಿಯದ್ದು. ಹೆಂಡತಿಯೂ ನಮ್ಮ ಕೊಟ್ಟಿಗೇಲಿ ದುಡಿದಿದ್ದರು ಅನ್ನೋದು ನನಗೆ ಗೊತ್ತೇ ಇರಲಿಲ್ಲ.

ಆ ಎರಡು ಹೆಸರು ನಾನು ಇಲ್ಲಿ ಹೇಳಲ್ಲ. ಅವರ ಮೊಮ್ಮಗಳು ಬೆಂಗಳೂರಲ್ಲಿ ನಮ್ಮ ಫೀಲ್ಡಿನಲ್ಲೇ ಇದ್ದಾರಂತೆ, ಟೆಸ್ಟಿಂಗ್‌ನಲ್ಲಿ. ಅವರನ್ನ ಕೇಳದೆ ಹೇಳೋಕೆ ನನಗೆ ಹಕ್ಕಿಲ್ಲ. ಅಪ್ಪ ಅವರ ನಂಬರೂ ಕಳಿಸಿದ್ದಾರೆ. ಇನ್ನೂ ಫೋನ್ ಮಾಡಿಲ್ಲ. ಮೊದಲ ವಾಕ್ಯ ಏನು ಅಂತ ಗೊತ್ತಾಗ್ತಿಲ್ಲ. ದೀಪಾವಳಿಗೆ ಊರಿಗೆ ಹೋಗ್ತೀನಿ, ಅವರೂ ಬರ್ತಾರಂತೆ.